ಊಟದ ಆ್ಯಪ್‌ಗೆ ನಿಮ್ಮ ಬಗ್ಗೆ ಏನೇನು ಗೊತ್ತು? ನೋಡುವುದು, ಒರೆಸುವುದು, ಕೇಳುವುದು ಹೇಗೆ

ಹೋದ ತಿಂಗಳು ಮೈಸೂರಿನಲ್ಲಿ ಚಿಕ್ಕಮ್ಮನ ಮನೆಗೆ ಹೋಗಿದ್ದೆ. "ಇದು ಆರ್ಡರೇ ತಗೋತಿಲ್ಲ, ನೋಡು ಸ್ವಲ್ಪ" ಅಂತ ಫೋನ್ ಕೈಗಿಟ್ಟರು. ತೊಂದರೆ ಸಣ್ಣದು, ಆ್ಯಪ್ ಅಪ್‌ಡೇಟ್ ಆಗಿರಲಿಲ್ಲ. ಆದರೆ ನಡುವೆ ಅಡ್ರೆಸ್ ಪಟ್ಟಿ ತೆರೆದುಕೊಂಡಿತು. ಒಟ್ಟು ಏಳು ಅಡ್ರೆಸ್. ಈಗಿನ ಮನೆ, ಬಿಟ್ಟು ಬಂದ ಬಾಡಿಗೆ ಮನೆ, ಮಗಳ ಪಿಜಿ (ರೂಮ್ ನಂಬರ್ ಸಮೇತ). ಅದರ ಕೆಳಗೆ ಒಂದು ಆಸ್ಪತ್ರೆ. ಮಹಡಿ, ವಾರ್ಡ್, ಬೆಡ್ ನಂಬರ್ ಎಲ್ಲ ಇತ್ತು.

"ಇದ್ಯಾಕಿದೆ ಚಿಕ್ಕಮ್ಮಾ?"

"ನಿಮ್ಮ ಚಿಕ್ಕಪ್ಪನ್ನ ಅಡ್ಮಿಟ್ ಮಾಡಿದ್ವಲ್ಲ, ಆಗ ಇಡ್ಲಿ ತರಿಸಿದ್ದು ಕಣೋ. ಅದಿನ್ನೂ ಅಲ್ಲೇ ಇದೆಯಾ?"

ಮೂರು ವರ್ಷದಿಂದ ಅಲ್ಲೇ ಇದೆ. ಈಗಿನ ಮನೆಯ ಅಡ್ರೆಸ್ ಕೆಳಗೆ ಡೆಲಿವರಿಯವರಿಗೆ ಅಂತ ಬರೆದ ಇನ್ನೊಂದು ಸಾಲಿತ್ತು: "ಬಾಗಿಲು ತೆಗೆಯೋದು ಲೇಟಾದ್ರೆ ಕೀ ತುಳಸಿ ಕಟ್ಟೆ ಹಿಂದೆ ಇದೆ, ಒಳಗೆ ಇಟ್ಟು ಹೋಗಿ." ಒಂದು ಮಳೆಗಾಲದಲ್ಲಿ ಮಂಡಿ ನೋವಿದ್ದಾಗ ಬರೆದದ್ದಂತೆ. ಅಲ್ಲಿಂದೀಚೆಗೆ ಬಂದ ಪ್ರತಿ ಡೆಲಿವರಿ ಹುಡುಗನೂ ಅದನ್ನು ಓದಿದ್ದಾನೆ. ಕೀ ಈಗಲೂ ಅಲ್ಲೇ ಇದೆ.

ಊಟದ ಆ್ಯಪ್ ಅಂದರೆ ನಮಗೆಲ್ಲ ಹೆದರಿಕೆ ಕಾರ್ಡ್ ನಂಬರಿನದು. ನನ್ನ ಅನುಭವದಲ್ಲಿ ಅದಕ್ಕೇ ಕಾವಲು ಜಾಸ್ತಿ. ಹೊರಗೆ ಹರಿಯುವುದು ನಾವೇ ಕೈಯಾರೆ ಸಣ್ಣ ಡಬ್ಬಿಗಳಲ್ಲಿ ಬರೆದಿಟ್ಟು ಮರೆತ ಮಾಹಿತಿ. ಹಾಗಾಗಿ ಈ ಮಾರ್ಗದರ್ಶಿಯ ಅರ್ಧ ಭಾಗ ಕಂಪನಿ ಏನು ಮಾಡುತ್ತದೆ ಅನ್ನುವುದು, ಉಳಿದರ್ಧ ನೀವು ಏನು ಒರೆಸಬಹುದು ಅನ್ನುವುದು. ಒಂದು ಭಾನುವಾರದ ಮಧ್ಯಾಹ್ನ ಸಾಕು.

ಮೊದಲು, ಅವರ ಹತ್ತಿರ ಏನಿರುತ್ತದೆ

ಜೊಮ್ಯಾಟೊ 2008ರಲ್ಲಿ ಶುರುವಾದಾಗ ಅದರ ಹೆಸರು ಫುಡೀಬೇ. ಹೋಟೆಲ್‌ಗಳ ಮೆನು ಕಾರ್ಡ್ ಸ್ಕ್ಯಾನ್ ಮಾಡಿ ವೆಬ್‌ಸೈಟಿಗೆ ಹಾಕುವುದು ಅದರ ಕೆಲಸ. ಮೆನು ನೋಡಲು ಯಾರೂ ಹೆಸರು ಹೇಳಬೇಕಿರಲಿಲ್ಲ. ಆಮೇಲೆ ವಿಮರ್ಶೆ ಬಂತು, ವಿಮರ್ಶೆ ಬರೆಯಲು ಖಾತೆ ಬೇಕಾಯಿತು. 2014ರಲ್ಲಿ ಬೆಂಗಳೂರಿನಲ್ಲಿ ಸ್ವಿಗ್ಗಿ ಶುರುವಾಯಿತು, ಊಟ ಮನೆಗೇ ಬರತೊಡಗಿತು. ಮನೆಗೆ ಬರಬೇಕಾದರೆ ಮನೆ ಎಲ್ಲಿದೆ ಅಂತ ಹೇಳಲೇಬೇಕಲ್ಲ. ಒಳ್ಳೆ ದೋಸೆ ಎಲ್ಲಿ ಸಿಗುತ್ತದೆ ಅಂತ ಹುಡುಕಿಕೊಡುತ್ತಿದ್ದ ಪುಟಕ್ಕೆ ನಮ್ಮ ವಿಳಾಸ, ಫೋನ್, ದುಡ್ಡಿನ ದಾರಿ ಎಲ್ಲ ಗೊತ್ತಾಗಿದ್ದು ಹೀಗೆ.

ಈಗ ಅವರ ಹತ್ತಿರ ಇರುವುದನ್ನು ಮೂರು ರಾಶಿ ಮಾಡಬಹುದು. ಹೆಸರು, ನಂಬರ್, ಇಮೇಲ್, ಅಡ್ರೆಸ್, ವಿಮರ್ಶೆ, ಫೋಟೊ, ಇವೆಲ್ಲ ನೀವೇ ಕೊಟ್ಟದ್ದು. ಫೋನ್ ಮಾದರಿ, ಜಿಪಿಎಸ್ ಜಾಗ, ಜಾಹೀರಾತಿನ ಗುರುತಿನ ಸಂಖ್ಯೆ, ಯಾವ ಹೋಟೆಲ್ ಪುಟ ಎಷ್ಟು ಹೊತ್ತು ನೋಡಿದಿರಿ ಅನ್ನುವುದು ಫೋನ್ ತಾನಾಗಿ ಕೊಟ್ಟದ್ದು. ಮೂರನೆಯದು ಇವೆರಡನ್ನೂ ಕೂಡಿಸಿ ಊಹಿಸಿದ್ದು.

ಈ ಮೂರನೆಯ ರಾಶಿ ಸ್ವಾರಸ್ಯದ್ದು. ಈರುಳ್ಳಿ ಬೆಳ್ಳುಳ್ಳಿ ಬೇಡ ಅಂತ ಪ್ರತಿ ಸಲ ಬರೆಯುವವರು ಯಾರು, ಏಕಾದಶಿ ದಿನ ಏನೂ ತರಿಸದವರು ಯಾರು, ರಂಜಾನ್ ತಿಂಗಳಲ್ಲಿ ಸಂಜೆ ಮಾತ್ರ ಆರ್ಡರ್ ಮಾಡುವವರು ಯಾರು, ಜ್ಯೂಸ್‌ಗೆ ಸಕ್ಕರೆ ಬೇಡ ಅಂತ ಹಠಾತ್ತಾಗಿ ಶುರು ಮಾಡಿದವರು ಯಾರು? ಜಾತಿ, ಧರ್ಮ, ಆರೋಗ್ಯ ಯಾವುದನ್ನೂ ಆ್ಯಪ್ ಕೇಳಿಲ್ಲ. ಕೇಳುವ ಅಗತ್ಯವೂ ಇಲ್ಲ. ಒಂದು ವರ್ಷದ ಆರ್ಡರ್ ಪಟ್ಟಿ ಮುಂದಿಟ್ಟರೆ ಪಕ್ಕದ ಮನೆಯವರೂ ಹೇಳಿಬಿಡುತ್ತಾರೆ. ನಾನು ಓದುವಾಗ ಊಟ ಮಾಡುತ್ತಿದ್ದ ಮೆಸ್ಸಿನ ಭಟ್ಟರಿಗೂ ಇದೆಲ್ಲ ಗೊತ್ತಿತ್ತು. ಗುರುವಾರ ಯಾರು ಒಪ್ಪೊತ್ತು, ತಿಂಗಳ ಕೊನೆಗೆ ಯಾರು ಬರೀ ಮಜ್ಜಿಗೆ ಅನ್ನ, ಎಲ್ಲ. ಆದರೆ ಅವರದು ನೆನಪು. ಇದು ತಾರೀಖು ಗಂಟೆ ಸಮೇತ ಬರೆದಿಟ್ಟ ಲೆಕ್ಕ.

ಒಂದು ಮಸಾಲೆ ದೋಸೆ, ಎಷ್ಟು ಕೈ

ಸೆಟ್ಟಿಂಗ್ಸ್‌ಗೆ ಕೈ ಹಾಕುವ ಮೊದಲು ಒಂದು ಆರ್ಡರ್ ಹೋಗುವ ದಾರಿ ನೋಡಿ. ಯಾವುದನ್ನು ಎಲ್ಲಿ ತಡೆಯಬಹುದು ಅಂತ ಆಗ ತಿಳಿಯುತ್ತದೆ.

ನೀವು ಆ್ಯಪ್ ತೆರೆದ ಕೂಡಲೇ ಜಾಗ ಹೋಗುತ್ತದೆ. ಹತ್ತಿರದ ಹೋಟೆಲ್ ತೋರಿಸಲು ಅದು ಬೇಕು. ನಕ್ಷೆ ಸಾಮಾನ್ಯವಾಗಿ ಬೇರೆ ಕಂಪನಿಯದು, ಹಾಗಾಗಿ ಅಲ್ಲಿಗೂ ಒಂದು ಪಾಲು. ದುಡ್ಡು ಕೊಡುವಾಗ ಪೇಮೆಂಟ್ ಗೇಟ್‌ವೇ (ಆ್ಯಪ್‌ಗೂ ಬ್ಯಾಂಕಿಗೂ ನಡುವೆ ದುಡ್ಡು ದಾಟಿಸುವ ಕಂಪನಿ) ಮತ್ತು ಬ್ಯಾಂಕ್. ಹೋಟೆಲಿಗೆ ಆರ್ಡರ್ ನಂಬರ್, ತಿಂಡಿಯ ಪಟ್ಟಿ, ನೀವು ಬರೆದ ಸೂಚನೆ ಹೋಗುತ್ತದೆ, ಕೆಲವು ಸಲ ಹೆಸರೂ. ಡೆಲಿವರಿ ಮಾಡುವವರಿಗೆ ಹೆಸರು, ಅಡ್ರೆಸ್, ಅಡ್ರೆಸ್ ಕೆಳಗಿನ ಸೂಚನೆ. ದೊಡ್ಡ ಆ್ಯಪ್‌ಗಳಲ್ಲಿ ಫೋನ್ ನಂಬರ್ ಮುಚ್ಚಿಟ್ಟು ನಡುವಿನ ಒಂದು ನಂಬರಿನಿಂದ ಕರೆ ಜೋಡಿಸುತ್ತಾರೆ. ಎಸ್ಸೆಮ್ಮೆಸ್, ಇಮೇಲ್ ಕಳಿಸುವ ಕಂಪನಿ ಬೇರೆ, ಜಾಹೀರಾತಿನ ಲೆಕ್ಕ ಇಡುವ ಕಂಪನಿ ಬೇರೆ.

ಈ ಮುಚ್ಚಿಡುವ ವಿಷಯಕ್ಕೆ ಒಂದು ಜಗಳವೂ ಇದೆ. ಗ್ರಾಹಕರು ಯಾರು ಅಂತ ಆ್ಯಪ್‌ಗಳು ತಮಗೆ ತಿಳಿಸುವುದೇ ಇಲ್ಲ ಅಂತ ಹೋಟೆಲ್ ಮಾಲೀಕರ ರಾಷ್ಟ್ರೀಯ ಸಂಘ 2021ರಲ್ಲಿ ಸ್ಪರ್ಧಾ ಆಯೋಗಕ್ಕೆ (ವ್ಯಾಪಾರದ ಪೈಪೋಟಿ ನ್ಯಾಯವಾಗಿದೆಯಾ ಅಂತ ನೋಡುವ ಸರ್ಕಾರಿ ಸಂಸ್ಥೆ) ದೂರು ಕೊಟ್ಟಿತು. ಅವರ ನೋವು ನನಗೆ ಅರ್ಥವಾಗುತ್ತದೆ, ದಿನಾ ಊಟ ಕೊಟ್ಟವರ ಹೆಸರೇ ಗೊತ್ತಿಲ್ಲ ಅಂದರೆ ಹೇಗೆ. ಆದರೂ ನನ್ನ ನಂಬರ್ ಮೂವತ್ತು ಹೋಟೆಲ್‌ಗಳ ಕೌಂಟರಿನಲ್ಲಿ ಬಿದ್ದಿರುವುದಕ್ಕಿಂತ ಮುಚ್ಚಿರುವುದೇ ವಾಸಿ.

ಇನ್ನೊಂದು ಕೈ ಯಾರಿಗೂ ನೆನಪಾಗುವುದಿಲ್ಲ: ಕಸದ ಬುಟ್ಟಿ. ಪಾರ್ಸೆಲ್ ಕವರಿನ ಮೇಲೆ ಪಿನ್ ಹೊಡೆದ ಬಿಲ್ಲಿನಲ್ಲಿ ಎಷ್ಟೋ ಸಲ ಹೆಸರಿರುತ್ತದೆ. ಚಿಕ್ಕ ಹೋಟೆಲ್‌ಗಳು ನೇರವಾಗಿ ಕಳಿಸಿದರೆ ಫೋನ್ ನಂಬರ್, ಅಡ್ರೆಸ್ ಕೂಡ. ಬಿಲ್ ಕಿತ್ತು ಹರಿದು ಕವರ್ ಎಸೆಯಿರಿ.

ಹೆಜ್ಜೆ 1: ಪ್ರೈವಸಿ ಪಾಲಿಸಿಯನ್ನು ಹತ್ತು ನಿಮಿಷದಲ್ಲಿ ಓದಿ

ಪೂರ್ತಿ ಓದಿ ಅಂತ ನಾನು ಹೇಳುವುದಿಲ್ಲ. ಯಾರೂ ಓದುವುದಿಲ್ಲ, ಬರೆದ ವಕೀಲರಿಗೂ ಅದು ಗೊತ್ತು. ವೆಬ್‌ಸೈಟಿನ ತೀರಾ ಕೆಳಗೆ, ಆ್ಯಪ್‌ನಲ್ಲಾದರೆ 'ಅಬೌಟ್' ಅಥವಾ 'ಸೆಟ್ಟಿಂಗ್ಸ್' ಒಳಗೆ ಅದರ ಕೊಂಡಿ ಇರುತ್ತದೆ. 2011ರಿಂದ ನಮ್ಮ ದೇಶದ ನಿಯಮದ ಪ್ರಕಾರ ಮಾಹಿತಿ ಸಂಗ್ರಹಿಸುವ ಕಂಪನಿ ಇದನ್ನು ವೆಬ್‌ಸೈಟಿನಲ್ಲಿ ಹಾಕಲೇಬೇಕು. ಕೊಂಡಿಯೇ ಇಲ್ಲದ ಸೈಟ್ ಆಗಿದ್ದರೆ ಅಲ್ಲಿ ಮೆನು ನೋಡಿ, ನಂಬರ್ ಕೊಡಬೇಡಿ.

ಪುಟ ತೆರೆದ ಮೇಲೆ ಬ್ರೌಸರಿನ 'ಫೈಂಡ್ ಇನ್ ಪೇಜ್' ಒತ್ತಿ ಇಂಗ್ಲಿಷಿನ ನಾಲ್ಕು ಪದ ಹುಡುಕಿ. 'ಶೇರ್' ಹುಡುಕಿದರೆ ಯಾರ ಜೊತೆ ಹಂಚುತ್ತಾರೆ ಅಂತ ಸಿಗುತ್ತದೆ. ಹೋಟೆಲ್, ಡೆಲಿವರಿ, ಬ್ಯಾಂಕ್ ಅಂತ ಇದ್ದರೆ ಸರಿ, ಅವಿಲ್ಲದೆ ಊಟ ಬರುವುದಿಲ್ಲ. 'ಮಾರ್ಕೆಟಿಂಗ್ ಪಾರ್ಟ್‌ನರ್ಸ್' ಅಂತಿದ್ದರೆ ಅಲ್ಲಿ ನಿಲ್ಲಿ. ಬೇಡ ಅನ್ನಲು ದಾರಿ ಕೊಟ್ಟಿದ್ದಾರಾ ನೋಡಿ. 'ಅಫಿಲಿಯೇಟ್' ಅಂದರೆ ಅದೇ ಮಾಲೀಕರ ಬೇರೆ ಕಂಪನಿಗಳು. ಊಟದ ಆ್ಯಪ್‌ನವರದೇ ದಿನಸಿ ಆ್ಯಪ್, ಟಿಕೆಟ್ ಆ್ಯಪ್ ಇರುವ ಕಾಲ ಇದು. ಒಂದಕ್ಕೆ ಕೊಟ್ಟದ್ದು ಎಲ್ಲಕ್ಕೂ ಹೋಗಬಹುದು.

'ರಿಟೇನ್' ಅನ್ನುವುದು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಅನ್ನುವ ಭಾಗ. "ಅಗತ್ಯ ಇರುವವರೆಗೆ" ಅಂತ ಮಾತ್ರ ಬರೆದಿದ್ದರೆ ಉತ್ತರ ಕೊಟ್ಟಿಲ್ಲ ಅಂತಲೇ ಲೆಕ್ಕ. ಕೊನೆಗೆ 'ಗ್ರೀವೆನ್ಸ್' ಹುಡುಕಿ. ದೂರು ಅಧಿಕಾರಿಯ ಹೆಸರು, ಇಮೇಲ್ ಅಲ್ಲಿರಬೇಕು. ಅದನ್ನು ಈಗಲೇ ಬರೆದಿಟ್ಟುಕೊಳ್ಳಿ, ಆರನೇ ಹೆಜ್ಜೆಯಲ್ಲಿ ಬೇಕಾಗುತ್ತದೆ.

ಆ್ಯಪ್ ಇಳಿಸಿಕೊಳ್ಳುವ ಮೊದಲೇ ನೋಡುವುದಾದರೆ ಪ್ಲೇ ಸ್ಟೋರ್‌ನಲ್ಲಿ 'ಡೇಟಾ ಸೇಫ್ಟಿ', ಆ್ಯಪಲ್‌ನಲ್ಲಿ 'ಆ್ಯಪ್ ಪ್ರೈವಸಿ' ಅನ್ನುವ ಭಾಗ ಇದೆ. ಅದು ಕಂಪನಿಯವರೇ ಬರೆದುಕೊಟ್ಟದ್ದು, ಸ್ವಂತ ಮಗನ ಜಾತಕ ಇದ್ದ ಹಾಗೆ. ಆದರೂ ಎರಡು ಆ್ಯಪ್ ಹೋಲಿಸಲು ಸಾಕು.

ಹೆಜ್ಜೆ 2: ಫೋನ್ ಕೊಡುವುದನ್ನು ನಿಲ್ಲಿಸಿ

ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಆ್ಯಪ್ಸ್, ಆಮೇಲೆ ಆ ಆ್ಯಪ್‌ನ ಹೆಸರು, ಅದರೊಳಗೆ ಪರ್ಮಿಷನ್ಸ್. ಐಫೋನ್‌ನಲ್ಲಿ ಸೆಟ್ಟಿಂಗ್ಸ್‌ನ ಕೆಳಗೆ (ಹೊಸ ಆವೃತ್ತಿಯಲ್ಲಿ ಅಲ್ಲಿನ 'ಆ್ಯಪ್ಸ್' ಒಳಗೆ) ಆ್ಯಪ್ ಹೆಸರು ಹುಡುಕಿದರೆ ಆಯಿತು.

ಲೊಕೇಶನ್: ಆ್ಯಪ್ ಬಳಸುವಾಗ ಮಾತ್ರ ಅನ್ನುವ ಆಯ್ಕೆ ಇಡಿ. ಸದಾಕಾಲ ಅನ್ನುವುದು ಬೇಡವೇ ಬೇಡ. ನೀವು ಮಲಗಿದ್ದಾಗ ಎಲ್ಲಿದ್ದೀರಿ ಅಂತ ಬಿರಿಯಾನಿ ಕೊಡುವವರಿಗೆ ಏಕೆ ಬೇಕು? ಅದರ ಕೆಳಗೆ 'ಪ್ರಿಸೈಸ್ ಲೊಕೇಶನ್' ಅಂತ ಇನ್ನೊಂದು ಗುಂಡಿ ಇದೆ. ಅದನ್ನು ಆಫ್ ಮಾಡಿದರೆ ನೀವಿರುವ ಬಡಾವಣೆ ತಿಳಿಯುತ್ತದೆ, ಮನೆ ತಿಳಿಯುವುದಿಲ್ಲ. ಒಳ್ಳೆ ಹೋಟೆಲ್ ಹುಡುಕಲು ಅಷ್ಟು ಸಾಕು. ಮನೆಗೆ ತರಿಸುವಾಗ ನಕ್ಷೆಯ ಪಿನ್ ಕೈಯಿಂದ ಎಳೆದು ಗೇಟಿನ ಮೇಲೆ ಕೂರಿಸಿ.

ಕಾಂಟ್ಯಾಕ್ಟ್ಸ್ ಬೇಡ. ಅದು ನಿಮ್ಮ ಮಾಹಿತಿ ಮಾತ್ರ ಅಲ್ಲ, ನಿಮ್ಮ ಫೋನಿನಲ್ಲಿರುವ ಎಲ್ಲರದೂ. ಅವರನ್ನು ಕೇಳದೆ ಕೊಡುವುದು ಸರಿಯಲ್ಲ ಅಲ್ವಾ. ಎಸ್ಸೆಮ್ಮೆಸ್ ಅನುಮತಿ ಕೇಳಿದರೂ ಬೇಡ ಅನ್ನಿ. ಒಟಿಪಿ ತಾನಾಗಿ ತುಂಬಿಕೊಳ್ಳಲು ಇಡೀ ಮೆಸೇಜ್ ಪೆಟ್ಟಿಗೆ ಓದಬೇಕಿಲ್ಲ, ಬೇರೆ ದಾರಿ ಇದೆ. ಫೋಟೊಗಳಿಗೆ 'ಆಯ್ದವು ಮಾತ್ರ' ಅಂತ ಇಡಿ. ಮೈಕ್ ಬೇಕಾಗುವುದು ಬಾಯಲ್ಲಿ ಹೇಳಿ ಹುಡುಕುವಾಗ ಮಾತ್ರ.

ಜಾಹೀರಾತಿನ ಹಿಂಬಾಲಿಕೆಗೆ: ಐಫೋನ್‌ನಲ್ಲಿ 2021ರಿಂದ ಪ್ರತಿ ಆ್ಯಪ್ ನಿಮ್ಮನ್ನು ಬೇರೆ ಕಡೆಯೂ ಹಿಂಬಾಲಿಸಲು ಒಪ್ಪಿಗೆ ಕೇಳಬೇಕು, ಬೇಡ ಅನ್ನಿ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ನ ಪ್ರೈವಸಿ ಭಾಗದಲ್ಲಿ 'ಆ್ಯಡ್ಸ್' ಒಳಗೆ ಜಾಹೀರಾತು ಗುರುತನ್ನು ಅಳಿಸುವ ಆಯ್ಕೆ ಇದೆ. ಅಳಿಸಿದರೆ ಜಾಹೀರಾತು ನಿಲ್ಲುವುದಿಲ್ಲ. ಪಿಜ್ಜಾ ಹುಡುಕಿದ್ದಕ್ಕೆ ಇಡೀ ವಾರ ಎಲ್ಲ ಕಡೆ ಪಿಜ್ಜಾ ಕಾಣುವುದು ಕಡಿಮೆಯಾಗುತ್ತದೆ, ಅಷ್ಟೆ.

ಬರೀ ಮೆನು ನೋಡುವುದು, ರೇಟಿಂಗ್ ನೋಡುವುದು ಇದ್ದರೆ ಆ್ಯಪ್ ಬೇಕಿಲ್ಲ. ಬ್ರೌಸರಿನ ಪ್ರೈವೇಟ್ ಕಿಟಕಿಯಲ್ಲಿ, ಲಾಗಿನ್ ಆಗದೆ, ಊರಿನ ಹೆಸರು ಬರೆದು ನೋಡಿ.

ಹೆಜ್ಜೆ 3: ಅಡ್ರೆಸ್ ಪಟ್ಟಿ ಗುಡಿಸಿ

ಒಂದೇ ಒಂದು ಹೆಜ್ಜೆ ಮಾಡುವ ಪುರುಸೊತ್ತು ಇದ್ದರೆ ಇದನ್ನೇ ಮಾಡಿ.

ಪ್ರೊಫೈಲ್ ತೆರೆದು 'ಸೇವ್ಡ್ ಅಡ್ರೆಸಸ್' ಒತ್ತಿ. ಈಗ ಹೋಗದ ಜಾಗ ಎಲ್ಲ ಅಳಿಸಿ. ಹಳೆ ಆಫೀಸು, ಹಳೆ ಮನೆ, ಗೆಳೆಯರ ಮನೆ, ಆಸ್ಪತ್ರೆ, ಲಾಡ್ಜ್. ಬೇರೆಯವರ ಅಡ್ರೆಸ್ ಇದ್ದರೆ ಮೊದಲು ಅದನ್ನು ತೆಗೆಯಿರಿ. ಪಿಜಿಯಲ್ಲಿರುವ ಮಗಳ ರೂಮ್ ನಂಬರ್ ಅಮ್ಮನ ಖಾತೆಯಲ್ಲಿ ಇರಬೇಕಾದ ಕಾರಣ ಏನಿಲ್ಲ, ಅವಳಿಗೂ ಫೋನಿದೆ.

ಉಳಿಸುವ ಅಡ್ರೆಸ್ ಹೇಗೆ ಬರೆಯಬೇಕು? ಗೇಟಿನ ತನಕ ಮಾತ್ರ. ಅಪಾರ್ಟ್‌ಮೆಂಟ್ ಆದರೆ ಬ್ಲಾಕ್ ಸಾಕು, ಸೆಕ್ಯುರಿಟಿ ಹತ್ತಿರ ಇಳಿದು ತೆಗೆದುಕೊಳ್ಳಲು ಆಗುವವರು ಫ್ಲ್ಯಾಟ್ ನಂಬರನ್ನೂ ಬಿಡಬಹುದು. ಹೆಸರಿನ ಜಾಗದಲ್ಲಿ ಪೂರ್ತಿ ಹೆಸರು ಬೇಕಾಗಿಲ್ಲ. ಆರ್ಡರ್ ಗುರುತಿಸಲು ಒಂದು ಅಕ್ಷರವೂ ಸಾಕು. ಒಬ್ಬರೇ ಇರುವ ಹೆಣ್ಣುಮಕ್ಕಳು ಎಷ್ಟೋ ಜನ ಮನೆತನದ ಹೆಸರಷ್ಟೇ ಹಾಕುತ್ತಾರೆ, ಬುದ್ಧಿವಂತಿಕೆ.

ಸೂಚನೆಯ ಡಬ್ಬಿಯಲ್ಲಿ ದಾರಿ ಮಾತ್ರ ಬರೆಯಿರಿ. "ಗಣಪತಿ ದೇವಸ್ಥಾನದ ಎದುರು, ನೀಲಿ ಗೇಟು." ಕೀ ಎಲ್ಲಿದೆ, ಬೀಗದ ನಂಬರ್ ಏನು, ಅಪಾರ್ಟ್‌ಮೆಂಟಿನ ಗೇಟ್ ಕೋಡ್ ಯಾವುದು, ಮನೆಯಲ್ಲಿ ವಯಸ್ಸಾದವರು ಒಬ್ಬರೇ ಇದ್ದಾರೆ, ಕಿವಿ ಕೇಳಿಸುವುದಿಲ್ಲ, ಈ ಯಾವುದೂ ಬೇಡ. ಹೇಳಲೇಬೇಕಿದ್ದರೆ ಡೆಲಿವರಿಯವರು ಹತ್ತಿರ ಬಂದಾಗ ಕರೆ ಮಾಡಿ ಹೇಳಿ. ಮಾತು ಅಲ್ಲಿಗೆ ಮುಗಿಯುತ್ತದೆ, ಬರಹ ಉಳಿಯುತ್ತದೆ.

ಚಿಕ್ಕಮ್ಮನ ಪಟ್ಟಿ ಏಳರಿಂದ ಒಂದಕ್ಕೆ ಇಳಿಯಿತು. ಕೀ ಸಾಲು ಅಳಿಸಿ ಬೇರೆ ಏನು ಬರೆಯಲಿ ಅಂತ ಕೇಳಿದೆ. "ಬೆಲ್ ಹೊಡೀರಿ, ನಾಯಿ ಕಟ್ಟಿದೆ ಅಂತ ಹಾಕು" ಅಂದರು. ಅವರ ಮನೆಯಲ್ಲಿ ನಾಯಿ ಇಲ್ಲ.

ಹೆಜ್ಜೆ 4: ಲಾಗಿನ್ ಮತ್ತು ದುಡ್ಡು

2017ರ ಮೇ ತಿಂಗಳಲ್ಲಿ ಜೊಮ್ಯಾಟೊದಿಂದ ಸುಮಾರು 1.7 ಕೋಟಿ ಬಳಕೆದಾರರ ದಾಖಲೆ ಕಳುವಾಯಿತು. ಹೇಗೆ ಅಂತ ಕಂಪನಿಯೇ ಆಮೇಲೆ ಬಿಡಿಸಿ ಹೇಳಿತು. 2015ರಲ್ಲಿ ಯಾವುದೋ ಬೇರೆ ವೆಬ್ ಹೋಸ್ಟಿಂಗ್ ಕಂಪನಿಯ ಪಾಸ್‌ವರ್ಡ್‌ಗಳು ಸೋರಿದ್ದವು. ಜೊಮ್ಯಾಟೊದ ಒಬ್ಬ ಡೆವಲಪರ್ ಅಲ್ಲಿ ಖಾತೆ ಇಟ್ಟುಕೊಂಡಿದ್ದರು. ಅದೇ ಇಮೇಲ್, ಅದೇ ಪಾಸ್‌ವರ್ಡನ್ನು ಕಂಪನಿಯ ಕೋಡ್ ಇಡುವ ಜಾಗಕ್ಕೂ ಬಳಸಿದ್ದರು. ಕಳ್ಳನಿಗೆ ಒಂದು ಬೀಗದ ಕೈ ಸಿಕ್ಕಿತು, ಅದು ಇನ್ನೊಂದು ಬಾಗಿಲಿಗೂ ಕೂತಿತು. ದಿನಾ ಕಂಪ್ಯೂಟರಿನ ಮುಂದೆ ಕೂರುವವರೇ ಹೀಗೆ ಮಾಡಿದ ಮೇಲೆ ನಮ್ಮ ನಿಮ್ಮ ಪಾಡೇನು.

ಕದ್ದ ಪಟ್ಟಿಯಲ್ಲಿ ಪಾಸ್‌ವರ್ಡ್‌ಗಳು ನೇರವಾಗಿ ಇರಲಿಲ್ಲ, 'ಹ್ಯಾಶ್' ಮಾಡಿದ್ದವು. ಅಕ್ಕಿ ಬೀಸಿ ಹಿಟ್ಟು ಮಾಡಿದ ಹಾಗೆ ಅಂದುಕೊಳ್ಳಿ. ಹಿಟ್ಟಿನಿಂದ ಅಕ್ಕಿ ವಾಪಸ್ ಬರುವುದಿಲ್ಲ. ಆದರೆ ಕಳ್ಳ '123456' ಅನ್ನುವುದನ್ನು ತಾನೇ ಬೀಸಿ, ಬಂದ ಹಿಟ್ಟು ಯಾರ ಹಿಟ್ಟಿಗೆ ಹೋಲುತ್ತದೆ ಅಂತ ನೋಡಬಹುದು. ಸುಲಭದ ಪಾಸ್‌ವರ್ಡ್ ಇಟ್ಟವರು ಸಿಕ್ಕಿಬೀಳುವುದು ಹೀಗೆ. ಗೂಗಲ್ ಅಥವಾ ಫೇಸ್‌ಬುಕ್ ಮೂಲಕ ಲಾಗಿನ್ ಆಗುತ್ತಿದ್ದವರ ಪಾಸ್‌ವರ್ಡ್ ಜೊಮ್ಯಾಟೊದ ಹತ್ತಿರ ಇರಲೇ ಇಲ್ಲ, ಅವರು ಉಳಿದರು.

ಮಾಡಬೇಕಾದದ್ದು: ಊಟದ ಆ್ಯಪ್‌ಗೆ ಬೇರೆಲ್ಲೂ ಬಳಸದ ಪಾಸ್‌ವರ್ಡ್, ಇಲ್ಲವೇ ಒಟಿಪಿ ಲಾಗಿನ್. ಒಟಿಪಿ ಆದರೆ ಒಂದು ಎಚ್ಚರ. ಹಳೆ ಸಿಮ್ ಬಿಟ್ಟರೆ ಅದರ ನಂಬರ್ ಕೆಲವು ತಿಂಗಳ ಮೇಲೆ ಬೇರೆಯವರಿಗೆ ಹೋಗುತ್ತದೆ. ಅವರು ಆ್ಯಪ್ ಹಾಕಿ ಒಟಿಪಿ ಕೊಟ್ಟರೆ ತೆರೆಯುವುದು ನಿಮ್ಮ ಖಾತೆ, ನಿಮ್ಮ ಅಡ್ರೆಸ್. ಸಿಮ್ ಬದಲಿಸುವ ಮೊದಲು ಆ್ಯಪ್‌ನಲ್ಲಿ ನಂಬರ್ ಬದಲಿಸಿ.

ಕಾರ್ಡಿನ ವಿಷಯ ಬೇಗ ಮುಗಿಸುತ್ತೇನೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 2022ರ ಅಕ್ಟೋಬರ್ 1ರಿಂದ ಆ್ಯಪ್‌ಗಳು ನಿಮ್ಮ ಪೂರ್ತಿ ಕಾರ್ಡ್ ನಂಬರ್ ಇಟ್ಟುಕೊಳ್ಳುವ ಹಾಗಿಲ್ಲ. ಬದಲಿಗೆ 'ಟೋಕನ್' ಅನ್ನುವ ಬೇರೊಂದು ಸಂಖ್ಯೆ ಇರುತ್ತದೆ, ಅದು ಆ ಆ್ಯಪ್‌ಗೆ ಮಾತ್ರ ನಡೆಯುತ್ತದೆ. ತೆರೆಯ ಮೇಲೆ ಕಾಣುವ ಕೊನೆಯ ನಾಲ್ಕು ಅಂಕಿ ನಿಮ್ಮ ಗುರುತಿಗೆ. ಬಳಸದ ಕಾರ್ಡ್ ಇದ್ದರೆ ಅಳಿಸಿ, ಇಷ್ಟೇ.

ಹೆಜ್ಜೆ 5: ವಿಮರ್ಶೆ, ಫೋಟೊ

ವಿಮರ್ಶೆ ಊರಿಗೆಲ್ಲ ಕಾಣುತ್ತದೆ ಅನ್ನುವುದು ಬರೆಯುವಾಗ ನೆನಪಿರುವುದಿಲ್ಲ. "ನಮ್ಮ ಮನೆ ಪಕ್ಕದ ಹೋಟೆಲ್, ಪ್ರತಿ ಶನಿವಾರ ರಾತ್ರಿ ಎಲ್ಲರೂ ಇಲ್ಲಿಗೇ" ಅಂತ ಪೂರ್ತಿ ಹೆಸರಿನಲ್ಲಿ ಬರೆದರೆ ಶನಿವಾರ ರಾತ್ರಿ ಮನೆ ಖಾಲಿ ಅಂತಲೂ ಬರೆದಂತೆ. ಹೆಸರು ಬದಲಿಸುವ ಆಯ್ಕೆ ಪ್ರೊಫೈಲ್‌ನಲ್ಲಿ ಇರುತ್ತದೆ, ಹಳೆಯ ವಿಮರ್ಶೆಗಳಲ್ಲೂ ಬದಲಾಗಿದೆಯಾ ನೋಡಿ. ಫೋಟೊ ಹಾಕುವ ಮೊದಲು ಬಿಲ್ಲು, ಪಕ್ಕದ ಮೇಜಿನ ಮುಖ, ಮಗುವಿನ ಶಾಲೆ ಬ್ಯಾಡ್ಜು ಕತ್ತರಿಸಿ. ಫೋಟೊದೊಳಗೆ ತೆಗೆದ ಜಾಗ, ಸಮಯವೂ ಅಡಗಿರಬಹುದು. ಮನೆಯಲ್ಲಿ ಪಾರ್ಸೆಲ್ ಬಿಚ್ಚಿ ತೆಗೆದ ಫೋಟೊ ಆದರೆ ಅದರ ಸ್ಕ್ರೀನ್‌ಶಾಟ್ ತೆಗೆದು ಅದನ್ನು ಹಾಕಿ. ಸುಲಭದ ಉಪಾಯ.

ಹೆಜ್ಜೆ 6: ಕೇಳಿ

ಇಲ್ಲಿ ಕಾನೂನು ಸ್ವಲ್ಪ ಬೇಕು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದರ ಬೆನ್ನಿಗೆ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆ ಕಾಯ್ದೆ 2023ರಲ್ಲಿ ಬಂತು, ನಿಯಮಗಳು 2025ರ ನವೆಂಬರಿನಲ್ಲಿ. ಆದರೆ ಕಂಪನಿಗಳ ಮೇಲೆ ಹೊರೆ ಹಾಕುವ ಮುಖ್ಯ ಭಾಗಗಳಿಗೆ 18 ತಿಂಗಳ ಗಡುವು ಕೊಟ್ಟಿದ್ದಾರೆ. ಅಂದರೆ 2027ರ ಮೇ. ಅಲ್ಲಿಯವರೆಗೆ 2011ರ ಹಳೆ ನಿಯಮಗಳೇ ಗತಿ. ಅವೂ ತೀರಾ ಸಪ್ಪೆ ಅಲ್ಲ. ನೀವು ಕೊಟ್ಟ ಮಾಹಿತಿಯನ್ನು ನೋಡಲು, ತಪ್ಪಿದ್ದರೆ ತಿದ್ದಿಸಲು, ಕೊಟ್ಟ ಒಪ್ಪಿಗೆಯನ್ನು ಬರಹದಲ್ಲಿ ವಾಪಸ್ ಪಡೆಯಲು ಅವಕಾಶ ಇದೆ. ದೂರು ಅಧಿಕಾರಿ ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು.

ಹೊಸ ಕಾಯ್ದೆಯಲ್ಲಿ ನನಗೆ ಇಷ್ಟವಾದದ್ದು ಎರಡು. ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಕೊಡಬೇಕು. ಕನ್ನಡ ಅದರಲ್ಲಿದೆ. ಇನ್ನೊಂದು, ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ವಾಪಸ್ ಪಡೆಯುವಂತಿರಬೇಕು. ಒಂದು ಗುಂಡಿ ಒತ್ತಿ ಒಪ್ಪಿದ್ದನ್ನು ಬಿಡಲು ಹದಿನಾರು ಪುಟ ಅಲೆಸುವಂತಿಲ್ಲ. 18 ವರ್ಷದ ಒಳಗಿನವರ ಖಾತೆಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು. ಕಾಪಾಡದೆ ಸೋರಿಸಿದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು.

ಇಮೇಲ್ ಬರೆಯುವುದು ಹೇಗೆ ಅಂತ ಯೋಚಿಸಬೇಡಿ. ಇದನ್ನೇ ಬರೆಯಿರಿ, ಖಾತೆಗೆ ಜೋಡಿಸಿದ ಇಮೇಲಿನಿಂದಲೇ ಕಳಿಸಿ:

"ಮಾನ್ಯ ದೂರು ಅಧಿಕಾರಿಗಳೇ, ಈ ಇಮೇಲ್ ಮತ್ತು ನನ್ನ ಫೋನ್ ನಂಬರಿನಲ್ಲಿ ನಿಮ್ಮಲ್ಲಿ ಒಂದು ಖಾತೆ ಇದೆ. ದಯವಿಟ್ಟು ಈ ಕೆಳಗಿನವನ್ನು ತಿಳಿಸಿ. ಒಂದು, ನನ್ನ ಬಗ್ಗೆ ನಿಮ್ಮಲ್ಲಿರುವ ಮಾಹಿತಿಯ ಪಟ್ಟಿ. ಎರಡು, ಅದನ್ನು ಯಾವ ಯಾವ ಸಂಸ್ಥೆಗಳ ಜೊತೆ ಹಂಚಿದ್ದೀರಿ. ಮೂರು, ನಾನು ಅಳಿಸಿದ ಅಡ್ರೆಸ್‌ಗಳು ನಿಮ್ಮ ದಾಖಲೆಯಿಂದಲೂ ಹೋಗಿವೆಯೇ, ಇಲ್ಲದಿದ್ದರೆ ಯಾವಾಗ ಹೋಗುತ್ತವೆ. ಜಾಹೀರಾತಿಗಾಗಿ ನನ್ನ ಮಾಹಿತಿ ಬಳಸಲು ಕೊಟ್ಟ ಒಪ್ಪಿಗೆಯನ್ನು ಈ ಮೂಲಕ ವಾಪಸ್ ಪಡೆಯುತ್ತಿದ್ದೇನೆ. ಈ ದೂರಿನ ಸಂಖ್ಯೆ ತಿಳಿಸಿ."

ಮೂರನೆಯ ಪ್ರಶ್ನೆ ಬಿಡಬೇಡಿ. ತೆರೆಯಿಂದ ಅಡ್ರೆಸ್ ಮಾಯವಾದ ಮಾತ್ರಕ್ಕೆ ಅವರ ಕಡೆಯಿಂದ ಹೋಯಿತು ಅಂತಲ್ಲ. ಹಳೆ ಆರ್ಡರಿನ ಬಿಲ್ಲಿನಲ್ಲಿ ಅದು ಉಳಿದಿರುತ್ತದೆ, ತೆರಿಗೆ ಲೆಕ್ಕಕ್ಕೆ ಬಿಲ್ಲನ್ನು ಅವರು ಇಡಲೇಬೇಕು. ನಾನು ಒಂದು ಸಣ್ಣ ಆ್ಯಪ್‌ಗೆ ಹೀಗೆ ಬರೆದಾಗ ಮೊದಲು ಬಂದದ್ದು "ನಿಮ್ಮ ಆರ್ಡರ್ ತಡವಾಗಿದ್ದಕ್ಕೆ ಕ್ಷಮಿಸಿ" ಅನ್ನುವ ಯಂತ್ರದ ಉತ್ತರ, ಜೊತೆಗೆ ಐವತ್ತು ರೂಪಾಯಿ ಕೂಪನ್. ಅದೇ ಪತ್ರ ಇನ್ನೊಂದು ಸಲ ಕಳಿಸಿದ ಮೇಲೆ ಮನುಷ್ಯರು ಬರೆದರು. ಪ್ರಚಾರದ ಎಸ್ಸೆಮ್ಮೆಸ್, ಕರೆ ನಿಲ್ಲಿಸಲು 1909ಕ್ಕೆ (ಪ್ರಚಾರ ಬೇಡ ಅನ್ನುವವರಿಗಾಗಿ ಇರುವ ನಂಬರ್) ಕರೆ ಮಾಡಿ ನೋಂದಾಯಿಸಿಕೊಳ್ಳಿ.

ಹೆಜ್ಜೆ 7: ಸೋರಿದ ಸುದ್ದಿ ಬಂದರೆ

2021ರಲ್ಲಿ ಡಾಮಿನೋಸ್ ಇಂಡಿಯಾದ ಆರ್ಡರ್ ದಾಖಲೆಗಳು ಹೊರಬಿದ್ದವು. 18 ಕೋಟಿ ಆರ್ಡರ್‌ಗಳ ವಿವರ ಅಂತ ಆಗ ವರದಿಯಾಯಿತು. ಫೋನ್ ನಂಬರ್ ಹಾಕಿದರೆ ಆ ನಂಬರಿನಿಂದ ಆದ ಆರ್ಡರ್‌ಗಳನ್ನು ತೋರಿಸುವ ಒಂದು ಪುಟವೂ ಹುಟ್ಟಿಕೊಂಡಿತ್ತು. ಗ್ರಾಹಕರ ಹಣದ ಮಾಹಿತಿ ಹೋಗಿಲ್ಲ ಅಂತ ಕಂಪನಿ ಹೇಳಿತು. ಕಾರ್ಡ್ ಉಳಿಯಿತು, ಮನೆ ಎಲ್ಲಿದೆ ಅನ್ನುವುದು ಹೋಯಿತು. ಮೂರನೇ ಹೆಜ್ಜೆಗೆ ನಾನು ಅಷ್ಟು ಜಾಗ ಕೊಟ್ಟದ್ದು ಇದಕ್ಕೇ.

ಪಾಸ್‌ವರ್ಡ್ ಬದಲಿಸಿ, ಅದೇ ಪಾಸ್‌ವರ್ಡ್ ಬೇರೆ ಎಲ್ಲಿ ಇಟ್ಟಿದ್ದೀರೋ ಅಲ್ಲೂ ಬದಲಿಸಿ. 'ಹ್ಯಾವ್ ಐ ಬೀನ್ ಪೋನ್ಡ್' (haveibeenpwned.com) ಅನ್ನುವ ಸೈಟಿನಲ್ಲಿ ಇಮೇಲ್ ಹಾಕಿದರೆ ಗೊತ್ತಿರುವ ಯಾವ ಸೋರಿಕೆಗಳಲ್ಲಿ ಅದಿದೆ ಅಂತ ತೋರಿಸುತ್ತದೆ. ಆಮೇಲೆ ಕೆಲವು ತಿಂಗಳು ಕರೆಗಳ ಮೇಲೆ ಕಣ್ಣಿಡಿ. "ನಮಸ್ಕಾರ ಸಾರ್, ಮೊನ್ನೆ ಎರಡು ಬಿರಿಯಾನಿ ತರಿಸಿದ್ರಲ್ಲ, ದುಡ್ಡು ಎರಡು ಸಲ ಕಟ್ ಆಗಿದೆ, ರಿಫಂಡ್ ಮಾಡ್ತೀವಿ" ಅಂತ ಯಾರಾದರೂ ಅಂದರೆ, ಬಿರಿಯಾನಿ ನಿಜ ಆದ ಮಾತ್ರಕ್ಕೆ ಕರೆ ನಿಜ ಅಲ್ಲ. ಯುಪಿಐ ಪಿನ್ ಬೇಕಾಗುವುದು ದುಡ್ಡು ಕೊಡಲು. ಬರಲು ಪಿನ್ ಬೇಡ, ಒಟಿಪಿ ಬೇಡ, ಕ್ಯೂಆರ್ ಸ್ಕ್ಯಾನ್ ಬೇಡ. ದುಡ್ಡು ಹೋಗಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ಹೇಳಿ. ಗಂಟೆಗಳ ಲೆಕ್ಕ ಇಲ್ಲಿ ಮುಖ್ಯ.

ಹೆಜ್ಜೆ 8: ಬಿಡುವುದಾದರೆ ಸರಿಯಾಗಿ ಬಿಡಿ

ಫೋನಿನಿಂದ ಆ್ಯಪ್ ಕಿತ್ತರೆ ಖಾತೆ ಹೋಗುವುದಿಲ್ಲ. ಬಾಗಿಲು ಹಾಕಿಕೊಂಡು ಬಂದಿರಿ, ಸಾಮಾನೆಲ್ಲ ಒಳಗೇ ಇದೆ. ಆ್ಯಪಲ್ 2022ರಿಂದ, ಗೂಗಲ್ ಪ್ಲೇ ಆಮೇಲೆ, ಖಾತೆ ತೆರೆಯಲು ಬಿಡುವ ಆ್ಯಪ್ ಖಾತೆ ಅಳಿಸುವ ದಾರಿಯನ್ನೂ ಕೊಡಬೇಕು ಅಂತ ಹೇಳಿವೆ. ಹಾಗಾಗಿ ಗುಂಡಿ ಇದ್ದೇ ಇರುತ್ತದೆ. ಪ್ರೊಫೈಲ್, ಸೆಟ್ಟಿಂಗ್ಸ್, ಅಕೌಂಟ್ ಅಂತ ಒಳಗೊಳಗೆ ಹೋಗಬೇಕು, ಕೆಂಪು ಅಕ್ಷರದಲ್ಲಿ ತೀರಾ ಕೆಳಗೆ ಸಿಗುತ್ತದೆ.

ಒತ್ತುವ ಮೊದಲು ಸ್ವಲ್ಪ ಕೆಲಸ ಇದೆ. ವಾಲೆಟ್‌ನಲ್ಲಿ ದುಡ್ಡಿದ್ದರೆ ಖರ್ಚು ಮಾಡಿ. ತಿಂಗಳ ಸದಸ್ಯತ್ವದ ಆಟೊಪೇ ನಿಲ್ಲಿಸಿ, ಇದನ್ನು ಯುಪಿಐ ಆ್ಯಪ್‌ನ ಕಡೆಯಿಂದಲೂ ಒಮ್ಮೆ ನೋಡಿ. ಆಫೀಸಿಗೆ ಕೊಡಬೇಕಾದ ಬಿಲ್ಲುಗಳಿದ್ದರೆ ಇಳಿಸಿಕೊಳ್ಳಿ. ಅಡ್ರೆಸ್‌ಗಳನ್ನು, ವಿಮರ್ಶೆಗಳನ್ನು ಮೊದಲು ಒಂದೊಂದಾಗಿ ಅಳಿಸಿ, ಆಮೇಲೆ ಖಾತೆ. ಖಾತೆ ಹೋದ ಮೇಲೆ ವಿಮರ್ಶೆ ಮಾತ್ರ ಉಳಿದುಬಿಟ್ಟರೆ ಅದನ್ನು ಅಳಿಸಲು ನಿಮ್ಮ ಹತ್ತಿರ ಲಾಗಿನ್ ಇರುವುದಿಲ್ಲ. ಗೂಗಲ್ ಮೂಲಕ ಲಾಗಿನ್ ಆಗಿದ್ದರೆ ಗೂಗಲ್ ಖಾತೆಯ ಸೆಕ್ಯುರಿಟಿ ಭಾಗದಲ್ಲಿ ಹೊರಗಿನ ಆ್ಯಪ್‌ಗಳ ಪಟ್ಟಿ ಇದೆ, ಅಲ್ಲಿಂದಲೂ ಕೊಂಡಿ ಕಳಚಿ.

ಅಳಿಸಿದ ಮೇಲೆ ಒಂದು ಇಮೇಲ್ ಬರುತ್ತದೆ. ಅದನ್ನು ಬೇರೆ ಫೋಲ್ಡರಿನಲ್ಲಿ ಎತ್ತಿಡಿ. ಎರಡು ತಿಂಗಳ ಮೇಲೆ ಒಂದು ರಾತ್ರಿ ಒಂಬತ್ತು ಗಂಟೆಗೆ ಅದೇ ಕಂಪನಿಯಿಂದ "ಹಸಿವಾಗಿದೆಯಾ?" ಅಂತ ಎಸ್ಸೆಮ್ಮೆಸ್ ಬಂದರೆ, ಅದರ ಸ್ಕ್ರೀನ್‌ಶಾಟ್ ಮತ್ತು ಈ ಇಮೇಲ್ ಎರಡನ್ನೂ ಸೇರಿಸಿ ದೂರು ಅಧಿಕಾರಿಗೆ ಕಳಿಸಿ. ಖಾತೆ ಅಳಿಸಿದ ಮೇಲೂ ನನ್ನ ನಂಬರ್ ನಿಮ್ಮ ಹತ್ತಿರ ಹೇಗಿದೆ ಅಂತ ಒಂದೇ ಪ್ರಶ್ನೆ ಕೇಳಿ.